ಅಗಸಿಯಿಂದ ಕಟ್ಟೆಯ ತನಕ

ಕಲ್ಲದಿನ್ನಿಯ ಊರಬಾಗಿಲಿಗೆ ಅಗಸಿ ಅನ್ನುತ್ತಾರೆ. ಕೇರಿಯ ಮಂದಿ ಅಗಸಿ ಬಂದ ಕೂಡಲೆ ಮೋಟರ್‌ಸೈಕಲ್ ಬಂದ್ ಮಾಡುತ್ತಾರೆ. ಚಪ್ಪಲಿ ತೆಗೆದು ಹ್ಯಾಂಡಲ್ಲಿಗೆ ಸಿಕ್ಕಿಸುತ್ತಾರೆ. ಆಮೇಲೆ ಗಾಡಿ ದಬ್ಬುತ್ತಾರೆ. ಅಗಸಿಯಿಂದ ಹನುಮಪ್ಪನ ಕಟ್ಟೆಯ ತನಕ ನೂರಾ ನಲವತ್ತು ಹೆಜ್ಜೆ. ಕಟ್ಟೆ ದಾಟಿ, ಗೌಡರ ಮನೆಯ ಮೂಲೆ ತಿರುಗಿದ ಮೇಲೆ ಮತ್ತೆ ಹತ್ತಬಹುದು. ಅಲ್ಲಿಂದ ಕೇರಿ ಕೂಗಳತೆ ದೂರ. ಹತ್ತಿ ಕೂಡುವುದರೊಳಗೆ ಮನೆ ಬಂದಿರುತ್ತದೆ.

ಇದನ್ನು ಯಾರೂ ಬರೆದು ಹಾಕಿಲ್ಲ. ಹೊರಗಿನವರು ಕೇಳಿದರೆ ಸಿದ್ದರಾಮೇಶಗೌಡ ನಗುತ್ತಾನೆ. "ನಾವೇನು ಇಳೀರಿ ಅಂತೀವೇನ್ರಿ? ಮರ್ಯಾದಿ ಗೊತ್ತಿದ್ದ ಮಂದಿ, ತಾವೇ ಇಳೀತಾರ." ಎರಡು ವರ್ಷದ ಹಿಂದೆ ಕೇರಿಯವನೊಬ್ಬ ಇಳಿಯದೆ ಹೋದ. ಮರುದಿನ ಅವನ ಗಾಡಿ ಕಾಲುವೆಯ ನೀರಿನಲ್ಲಿ ಸಿಕ್ಕಿತು. ಈಗ ಅವನು ಪುಣೆಯಲ್ಲಿ ಇಟ್ಟಿಗೆ ಹೊರುತ್ತಾನೆ. ಅದನ್ನೂ ಯಾರೂ ಬರೆದಿಟ್ಟಿಲ್ಲ.

ಕೇರಿಯ ಅಮರಮ್ಮನ ಮಗ ದುರುಗೇಶ ಹಟ್ಟಿಯ ಚಿನ್ನದ ಗಣಿಯಲ್ಲಿ ಗುತ್ತಿಗೆಯ ಕೆಲಸಗಾರ. ಎಂಟು ತಾಸು ನೆಲದ ಕೆಳಗೆ ಕಲ್ಲು ತುಂಬುತ್ತಾನೆ. ಪಾಳಿ ಮುಗಿಸಿ ಲಿಂಗಸುಗೂರು, ಮಸ್ಕಿ ದಾಟಿ ಊರಿಗೆ ಬರುತ್ತಾನೆ. ತಲೆಗೆ ಹೆಲ್ಮೆಟ್ ಇಲ್ಲದಿದ್ದರೆ ದಾರಿಯಲ್ಲಿ ಪೊಲೀಸರು ಹಿಡಿಯುತ್ತಾರೆ. ಇದ್ದರೆ ಅಗಸಿಯಲ್ಲಿ ತೆಗೆಯಬೇಕು. ತಲೆ ಮುಚ್ಚಿಕೊಂಡು ಕಟ್ಟೆಯ ಮುಂದೆ ಹೋಗುವಂತಿಲ್ಲ. ಗಾಡಿ ಕೊಂಡ ಮೊದಲ ದಿನ ಅವನು ಅಗಸಿಯಲ್ಲಿ ಹಲ್ಲು ಕಚ್ಚಿ ನಿಂತಿದ್ದ. ಹಿಂದೆ ಕೂತಿದ್ದ ಅಮರಮ್ಮನೇ ಮೊದಲು ಇಳಿದಳು. ಸೆರಗು ಬಿಗಿದು ಹಿಂದಿನಿಂದ ಕೈ ಹಚ್ಚಿದಳು. "ದಬ್ಬು. ಕೈಯೇನು ಸವೀತಾವೇನು?" ಅಂದಳು. ಅವನು ದಬ್ಬಿದ. ಆವತ್ತಿನಿಂದ ದಬ್ಬುತ್ತಲೇ ಇದ್ದಾನೆ.

ಅಮರಮ್ಮನದು ನಾಟಿಯ ಗುಂಪು. ಹನ್ನೆರಡು ಹೆಂಗಸರು. ಅವಳೇ ಮುಂದಾಳು. ಯಾರ ಗದ್ದೆಗೆ ಎಂದು ಹೋಗಬೇಕು, ಯಾರು ಸಸಿ ಕೀಳಬೇಕು, ಯಾರು ಹಚ್ಚಬೇಕು, ಎಲ್ಲ ಅವಳು ಹೇಳಿದಂತೆ. ನಾಟಿ ಅಂದರೆ ಬೆಳಗಿನಿಂದ ಬೈಗಿನ ತನಕ ಸೊಂಟ ಮುರಿದ ಹಾಗೆ ಬಾಗಿರುವುದು. ಮಂಡಿಯ ತನಕ ಕೆಸರು. ಹಿಂದಕ್ಕೆ ಹಿಂದಕ್ಕೆ ಹೆಜ್ಜೆ. ಹದಿನೈದು ದಿನಕ್ಕೆ ಕಾಲ್ಬೆರಳ ಸಂದು ಬಿಳುಚಿ ಒಡೆಯುತ್ತದೆ. ಸಂಜೆ ಹೆಂಗಸರು ಸಾಲಾಗಿ ಕೂತು ಕಾಲಿಗೆ ಬೇವಿನೆಣ್ಣೆ ಹಚ್ಚಿಕೊಳ್ಳುತ್ತಾರೆ. ಮರುದಿನ ಮತ್ತೆ ಅದೇ ಕೆಸರು.

ಆ ಜನವರಿಯಲ್ಲಿ ಎರಡನೇ ಬೆಳೆಯ ನಾಟಿ ನಡೆದಿತ್ತು. ಗೌಡನ ಗದ್ದೆಯ ಕೆಸರಿನಲ್ಲಿ ಒಡೆದ ಬಾಟಲಿ ಇತ್ತು. ಯಾರು ಕುಡಿದು ಎಸೆದರೋ. ಗಾಜು ಅಮರಮ್ಮನ ಎಡಗಾಲಿಗೆ ನಟ್ಟಿತು. ಅವಳು ಅರಿಶಿಣ ಮೆತ್ತಿ, ಬಟ್ಟೆ ಸುತ್ತಿ ಮೂರು ದಿನ ಮತ್ತೆ ಗದ್ದೆಗೆ ಇಳಿದಳು. ನಾಲ್ಕನೇ ದಿನ ಕಾಲು ಹಲಸಿನ ಹಣ್ಣಿನಂತೆ ಊದಿತು. ಜ್ವರ ಬಂತು. ಒಬ್ಬಳೇ ಬಸ್ಸು ಹತ್ತಿ ಸಿಂಧನೂರಿನ ದವಾಖಾನೆಗೆ ಹೋದಳು.

ಡಾಕ್ಟರು ಕೀವು ತೆಗೆದು ಕಟ್ಟು ಹಾಕಿದರು. "ನಿನಗ ಸಕ್ಕರಿ ಕಾಯಿಲೆ ಐತೆವ್ವಾ. ಗಾಯ ಮಾಯೂತನಕ ಕೆಸರು ತುಳೀಬ್ಯಾಡ. ಇನ್ನ ಮ್ಯಾಲ ಬರಿಗಾಲಾಗಂತೂ ಓಡಾಡಲೇಬ್ಯಾಡ. ಇಲ್ಲಾಂದ್ರ ಮೊದಲು ಬೆರಳು ಹೋಗ್ತದ, ಆಮ್ಯಾಲ ಪಾದ." ಹೊರಗೆ ಬರುವಾಗ ನರ್ಸು ಹಿಂದೆಯೇ ಓಡಿ ಬಂದಳು. ಬಸ್ಸಿನ ಧೂಳು ತಾಗದಿರಲಿ ಎಂದು ಕಟ್ಟಿನ ಮೇಲೆ ಹಾಲಿನ ಪಾಕೀಟು ಕೊಯ್ದು ಸುತ್ತಿದಳು. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಅಮರಮ್ಮನ ಹಿಮ್ಮಡಿಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಸುತ್ತಿದಳು. ಅಮರಮ್ಮನ ಕಾಲನ್ನು ಬೇರೆಯವರು ತೊಡೆಯ ಮೇಲೆ ಇಟ್ಟುಕೊಂಡದ್ದು ಅದೇ ಮೊದಲು. ಅವಳಿಗೆ ನಾಚಿಕೆಯಾಯಿತು. ಹೆಸರು ಕೇಳುವುದನ್ನೂ ಮರೆತಳು.

ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಊರಿಗೆ ಮೂರು ಕಿಲೋಮೀಟರು. ನೆತ್ತಿಯ ಮೇಲೆ ಬಿಸಿಲು. ಊರಿಗೆ ಮಂದಿ ಒಯ್ಯುವ ಗೌಸ್‌ಸಾಬನ ಟಂಟಂ ಆಟೋ ಇರಲಿಲ್ಲ. ಅವಳು ಕುಂಟುತ್ತ ಹೊರಟಳು. ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿದ್ದರು. ಬದಿಯ ಮುಳ್ಳು ತುಳಿಯದಂತೆ, ಭತ್ತವನ್ನೂ ತುಳಿಯದಂತೆ ನಡೆದಳು.

ಹಿಂದಿನಿಂದ ಮೂರು ಮೋಟರ್‌ಸೈಕಲ್ಲು ಬಂದವು. ದೊಡ್ಡ ಗಾಡಿಗಳು. ಪರದೇಶದವರು. ಮಸ್ಕಿಯ ಗುಡ್ಡದ ಶಾಸನ ನೋಡಲು ಹಂಪಿಯ ಕಡೆಯಿಂದ ಹೀಗೆ ಬಾಡಿಗೆ ಗಾಡಿ ಮೇಲೆ ಒಮ್ಮೊಮ್ಮೆ ಬರುತ್ತಾರೆ. ಒಬ್ಬರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ಮುಂದಿನವನಿಗೆ ಅಂಗಿಯೂ ಇಲ್ಲ. ರಸ್ತೆಯ ಬಲಗಡೆಯೇ ಓಡಿಸುತ್ತಿದ್ದ. ಭತ್ತದ ಮೇಲೆ ಹಾವಿನಂತೆ ಸೊಟ್ಟ ಸೊಟ್ಟ ಹೊಡೆದು, ಕಾಳು ಚಿಮ್ಮಿಸಿ, ಕೂಗು ಹಾಕಿ ಹೋದ. ಭತ್ತ ಕಾಯುತ್ತಿದ್ದವನು ಕೋಲು ಎತ್ತಿದ. ಮುಖ ನೋಡಿದ ಮೇಲೆ ಕೋಲು ಇಳಿಸಿ ಕೈ ಬೀಸಿದ.

ಕೊನೆಯ ಗಾಡಿ ಹೆಣ್ಣುಮಗಳದು. ಅವಳು ಅಮರಮ್ಮನ ಪಕ್ಕ ನಿಲ್ಲಿಸಿದಳು. ಕಟ್ಟು ಹಾಕಿದ ಕಾಲು ನೋಡಿದಳು. ಏನೋ ಅಂದಳು. ಹಿಂದಿನ ಸೀಟು ತಟ್ಟಿದಳು. ಅಮರಮ್ಮ ಬೇಡವೆಂದು ಕೈ ಆಡಿಸಿದಳು. ಆ ಹೆಣ್ಣುಮಗಳು ಗಾಡಿ ಇಳಿದಳು. ಬಾಟಲಿಯ ನೀರು ಕೊಟ್ಟಳು. ತೋಳು ಹಿಡಿದು, ಹೊರೆ ಎತ್ತಿ ಕೊಡುವವರ ಹಾಗೆ ಮೆಲ್ಲಗೆ ಎತ್ತಿ ಕೂರಿಸಿದಳು. ಕಾಲು ಸಿಡಿಯುತ್ತಿತ್ತು. ಅಮರಮ್ಮ ಕೂತಳು. ಅಗಸಿಗೆ ಮುಂಚೆ ಇಳಿದರಾಯಿತು ಅಂದುಕೊಂಡಳು.

ಗಾಡಿಯ ಮುಂದೆ ಅವಳು ಒಂದು ಫೋನು ಸಿಕ್ಕಿಸಿದ್ದಳು. ಅದು ಇಬ್ಬರ ಮುಖವನ್ನೂ ಹಿಡಿಯುತ್ತಿತ್ತು. ಅದು ಅಮರಮ್ಮನಿಗೆ ತಿಳಿಯಲಿಲ್ಲ.

ಅಗಸಿ ಕಂಡಿತು. ಅಮರಮ್ಮ ಅವಳ ಬೆನ್ನು ತಟ್ಟಿದಳು. "ಇಳಸವ್ವಾ, ಇಲ್ಲೇ ಇಳಸು." ಆ ಹೆಣ್ಣುಮಗಳು ತಲೆ ಆಡಿಸಿದಳು. ಅಮರಮ್ಮ ಜೋರಾಗಿ ಬಡಿದಳು. "ಯವ್ವಾ, ನಿಲ್ಲಸು ಬೇ!" ಮುದುಕಿ ಹೆದರಿದಳೆಂದು ಅವಳು ತಿಳಿದಳು. ಒಂದು ಕೈ ಹಿಂದಕ್ಕೆ ತಂದು ಅಮರಮ್ಮನ ಮೊಣಕಾಲನ್ನು ಮೆಲ್ಲಗೆ ತಟ್ಟಿದಳು. ಹೆದರಬೇಡ ಅನ್ನುವಂತೆ. ಗಾಡಿ ಇನ್ನಷ್ಟು ಜೋರಾಯಿತು. ಅಗಸಿಯ ಕಲ್ಲು ತಲೆಯ ಮೇಲೆ ಸರಕ್ಕನೆ ಹಿಂದೆ ಹೋಯಿತು. ಗೋಡೆಗಳು ಹೋದವು. ಗಾಳಿಗೆ ಸೆರಗು ಎದ್ದಿತು.

ಆಗ ಅಮರಮ್ಮನಿಗೆ ನಗು ಬಂತು. ಯಾಕೆ ಬಂತೆಂದು ಅವಳಿಗೂ ಗೊತ್ತಿಲ್ಲ. ಐವತ್ತೆರಡು ವರ್ಷದಲ್ಲಿ ಆ ನೂರಾ ನಲವತ್ತು ಹೆಜ್ಜೆ ಅಷ್ಟು ಬೇಗ ಮುಗಿದದ್ದು ಅದೇ ಮೊದಲು.

ಕಟ್ಟೆಯ ಬಳಿ ಗಾಡಿಗಳು ನಿಂತವು. ಅಂಗಿಯಿಲ್ಲದವನು ಆಗಲೇ ಬೂಟುಗಾಲಲ್ಲಿ ಕಟ್ಟೆ ಹತ್ತಿ, ದೀಪದ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದ. ಓಲೆಕಾರ ಯಂಕೋಬ ಬೂಟಿನತ್ತ ಬೆರಳು ತೋರಿಸಿ ಬಾಯಿ ತೆರೆದ. ಸಿದ್ದರಾಮೇಶಗೌಡ ಕಣ್ಣಿನಲ್ಲೇ ಅವನನ್ನು ಸುಮ್ಮನಾಗಿಸಿದ. "ಪಾಪ, ಅವರಿಗೇನು ಗೊತ್ತು." ಗೌಡನ ಮನೆಯಿಂದ ಕುರ್ಚಿ ಬಂದವು. ಸ್ಟೀಲಿನ ಲೋಟದಲ್ಲಿ ಮಜ್ಜಿಗೆ ಬಂತು. ಗೌಡನ ಮಗ ಶಿವಪ್ರಸಾದ ಇಂಗ್ಲಿಷಿನಲ್ಲಿ ಮಾತಾಡಿ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡ.

ಅಮರಮ್ಮ ಇಳಿದು ಗೋಡೆಯ ಬದಿಗೆ ಸರಿದಿದ್ದಳು. ಆ ಹೆಣ್ಣುಮಗಳು ತನ್ನ ಲೋಟವನ್ನು ತಂದು ಅವಳಿಗೆ ಚಾಚಿದಳು. ತಾನಿನ್ನೂ ಕುಡಿದಿರಲಿಲ್ಲ. ಅಮರಮ್ಮ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ಇವಳಿಗೆ ಬಾಯಾರಿಕೆ ಇಲ್ಲವೆಂದುಕೊಂಡು ಆ ಹೆಣ್ಣುಮಗಳು ನಕ್ಕು ಹಿಂದೆ ಹೋದಳು. ಕಟ್ಟೆಯ ಮೇಲಿದ್ದವರೆಲ್ಲ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಯಂಕೋಬ ಕೇರಿಗೆ ಬಂದ. ಹೊಸ್ತಿಲಾಚೆಯೇ ನಿಂತು ತಲೆ ತಗ್ಗಿಸಿ ಹೇಳಿದ. "ಅಕ್ಕಾ, ಕಟ್ಟೀಗೆ ಕರದಾರ. ಒಂದು ರೊಟ್ಟಿ ತಿಂದು ಬಾ. ಬಾಳ ಹೊತ್ತು ನಿಂದರಬೇಕಾಗ್ತದ. ನಾ ಹೇಳೀನಿ ಅನ್ನಬ್ಯಾಡ."

ಅಮರಮ್ಮ ರೊಟ್ಟಿ ತಿಂದಳು. ಚಪ್ಪಲಿ ಮೆಟ್ಟಿ ಹೋದಳು. ಕಟ್ಟೆಗೆ ಹತ್ತು ಮಾರು ಇರುವಾಗ, ಗೌಡರ ಮನೆಯ ಮೂಲೆಯಲ್ಲಿ ಅಭ್ಯಾಸದಂತೆ ಚಪ್ಪಲಿ ಬಿಟ್ಟು, ಕಟ್ಟಿನ ಕಾಲಿನ ಹಿಮ್ಮಡಿ ಊರಿ ನಿಂತಳು. ಪಾಳಿ ಮುಗಿಸಿ ಅದೇ ತಾನೇ ಬಂದ ದುರುಗೇಶ ಗಾಡಿ ಹಿಡಿದುಕೊಂಡು ಪಕ್ಕದಲ್ಲಿ ನಿಂತ. ಅವನ ಕಿವಿಯಲ್ಲಿ, ಹುಬ್ಬಿನಲ್ಲಿ ಇನ್ನೂ ಕಲ್ಲಿನ ಪುಡಿ ಇತ್ತು.

ಶಿವಪ್ರಸಾದ ಫೋನನ್ನು ಅವಳ ಮುಖಕ್ಕೆ ಹಿಡಿದ. ಪರದೇಶದ ಹೆಣ್ಣುಮಗಳು ನೆಟ್ಟಿನಲ್ಲಿ ಹಾಕಿದ ವಿಡಿಯೋ ಅದರಲ್ಲಿ ಓಡುತ್ತಿತ್ತು.

"ಇದು ಯಾರ ಮಾರಿ?"

"ನಂದೇ ರೀ."

"ಹಿಂದ ಕಾಣಾಕತ್ತಿದ್ದು ಏನು?"

"ಅಗಸಿ ರೀ."

"ಇಳಿಯದಾ ಬಂದೀಯಲ್ಲ?"

"ಇಳಸಂತ ಬೆನ್ನು ಬಡದೀನ್ರಿ. ಆಕಿಗೆ ತಿಳೀಲಿಲ್ಲ."

"ಬಾಯಿ ಇರಲಿಲ್ಲೇನು ನಿನಗ?" ಗೌಡ ಕೇಳಿದ.

"ಬಾಯಿ ಇತ್ರಿ. ಆಕಿ ಭಾಷಾ ಇರಲಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಗೌಡ ಆ ಕಡೆ ನೋಡಿದ ಮೇಲೆ ಸುಮ್ಮನಾದರು.

"ನೋಡು ಅಮರವ್ವಾ, ಆಕಿ ಪರದೇಶದಾಕಿ. ಆಕಿಗೆ ನಮ್ಮ ಪದ್ಧತಿ ಗೊತ್ತಿಲ್ಲ. ಆಕೀದು ತಪ್ಪಲ್ಲ. ನಿನಗ ಗೊತ್ತಿತ್ತು. ತಪ್ಪು ನಿಂದು."

"ಬೂಟು ಹಾಕ್ಕೊಂಡು ಕಟ್ಟಿ ಮ್ಯಾಲ ಕುಂತಿದ್ನಲ್ರಿ ಆತ..."

"ಅವರು ಮನಿಗೆ ಬಂದ ಬೀಗರಿದ್ದಂಗ. ನಾಳಿ ಹೋಗೋರು. ನೀ ಇಲ್ಲೇ ಇರಾಕಿ."

ಶಿವಪ್ರಸಾದನಿಗೆ ಸಮಾಧಾನವಿರಲಿಲ್ಲ. "ಎಂಬತ್ತು ಸಾವಿರ ಮಂದಿ ನೋಡ್ಯಾರ ಇದನ್ನ. ಬಳಗಾನೂರಿನ ದೋಸ್ತರು ನನಗ ಕೇಳಾಕತ್ತಾರ, ಏನಪಾ, ನಿಮ್ಮೂರಾಗ ಹಿಡಿತ ಸಡ್ಲ ಆಗೇತೇನು ಅಂತ. ಅದೂ ಹೋಗ್ಲಿ. ಈಕಿ ನಗೋದು ನೋಡಪಾ. ಹಲ್ಲು ನೋಡು."

ಗೌಡ ಫೋನು ತೆಗೆದುಕೊಂಡು ಅವಳು ನಕ್ಕ ಜಾಗವನ್ನು ಮತ್ತೊಮ್ಮೆ ನೋಡಿದ. "ಹೌದು. ತಪ್ಪು ಮಾಡೋದು ಬ್ಯಾರೆ. ಮಾಡಿ ನಗೋದು ಬ್ಯಾರೆ."

ಕಟ್ಟೆಯ ಕೆಳಗೆ ಎಲ್ಲ ಸಿದ್ಧವಾಗಿತ್ತು. ಒಂದು ಬಕೆಟ್ಟು ನೀರು. ಒಂದು ಬುಟ್ಟಿ ಸಗಣಿ. ಒಂದು ಕಸಬರಿಗೆ. ಕಟ್ಟೆಯಿಂದ ಅಗಸಿಯ ತನಕ ಬರಿಗಾಲಲ್ಲಿ ಸಾರಿಸಬೇಕು. ಆಮೇಲೆ ಅಡ್ಡಬಿದ್ದು ನಕ್ಕದ್ದಕ್ಕೆ ಮಾಫಿ ಕೇಳಬೇಕು. ಅಷ್ಟಾದರೆ ಊರು ಇದನ್ನು ಮರೆಯುತ್ತದೆ.

"ಕಾಲಿಗೆ ಗಾಯ ಐತ್ರಿ," ಅಮರಮ್ಮ ಅಂದಳು. "ಡಾಕ್ಟರು ಬರಿಗಾಲಾಗ ನೆಲ ತುಳೀಬ್ಯಾಡ ಅಂದಾರ."

"ನಾನೇನು ಕಟುಕ ಅಲ್ಲ," ಗೌಡ ಅಂದ. ದನಿಯಲ್ಲಿ ನಿಜವಾಗಿಯೂ ಕನಿಕರ ಇತ್ತು. "ನಿನಗ ಆಗದಿದ್ರ ನಿನ್ನ ಮಗ ಸಾರಿಸ್ಲಿ. ನೀ ಮಾಫಿ ಅಷ್ಟ ಕೇಳು."

ದುರುಗೇಶ ಗಾಡಿಗೆ ಸ್ಟ್ಯಾಂಡ್ ಹಾಕಿದ. ಬಂದು ಬಕೆಟ್ಟಿಗೆ ಕೈ ಹಚ್ಚಿದ. ತಾಯಿಯ ಮುಖ ನೋಡಲಿಲ್ಲ. "ಹೋಗ್ಲಿ ಬಿಡವ್ವಾ. ಅರ್ಧ ತಾಸಿನ ಕೆಲಸ."

ಅಮರಮ್ಮ ಅವನ ಕೈ ನೋಡಿದಳು. ಬೆರಳ ಗಂಟುಗಳಲ್ಲಿ ಚರ್ಮ ಸುಲಿದಿತ್ತು. ಅವನ ಬೆನ್ನು ಬಾಗುವುದನ್ನು ನೋಡಿದಳು. ಎಷ್ಟು ಸಲೀಸಾಗಿ ಬಾಗಿತು! ಯಾರು ಕಲಿಸಿದ್ದು? ದಬ್ಬು ಅಂದವಳು ಯಾರು?

"ಇಡು ಅದನ್ನ," ಅಂದಳು.

"ಅವ್ವಾ..."

"ಇಡು ಅಂದ್ರ ಇಡಲೇ!"

ಬಕೆಟ್ಟು ನೆಲಕ್ಕೆ ತಾಗಿ ಸದ್ದಾಯಿತು. ಕಟ್ಟೆಯ ಬಳಿ ಅವಳು ದನಿ ಎತ್ತಿದ್ದು ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

"ಗೌಡ್ರ, ಒಂದು ಮಾತು ಕೇಳ್ತೀನಿ. ನಡಿಯಾಕ ಬಂದಾಗಿಂದ ಈ ದಾರಿ ಬರಿಗಾಲಾಗ ತುಳದೀನಿ. ದಿನಾ ಎರಡು ಸಲ. ಕೆಸರುಗಾಲು ತುಳದೀನಿ, ಹುಣ್ಣಿನ ಕಾಲು ತುಳದೀನಿ. ಮೊನ್ನಿ ನಿಮ್ಮ ಗದ್ದ್ಯಾಗ ಗಾಜು ಚುಚ್ಚಿದಾಗ ರಕ್ತ ಸೋರಕೋಂತ ಇದರ ಮ್ಯಾಲೇ ಹೋಗೀನಿ. ಒಂದು ದಿನಾನೂ ನೀವು ಇದನ್ನ ತೊಳಸಲಿಲ್ಲ. ನಿನ್ನಿ ಒಂದೇ ದಿನ ನನ್ನ ಕಾಲು ಇಲ್ಲಿ ನೆಲಕ್ಕ ಹತ್ತಿಲ್ಲ. ನಿನ್ನೀನೇ ಮೈಲಿಗಿ ಆತೇನ್ರಿ?"

ಒಂದು ಕುರ್ಚಿ ಕಿರುಗುಟ್ಟಿತು.

"ಮತ್ತ ನಕ್ಕಿದ್ದು?" ಶಿವಪ್ರಸಾದ ಕೂಗಿದ.

"ಖರೇ ನಕ್ಕೀನಿ. ಅದಕ್ಕ ಮಾಫಿ ಕೇಳಂಗಿಲ್ಲ."

ಅವಳು ಹಿಂದೆ ಹೋಗಿ ಚಪ್ಪಲಿ ಮೆಟ್ಟಿದಳು. ಮಗನ ತೋಳು ಹಿಡಿದು ಕೇರಿಗೆ ನಡೆದಳು. ಆ ಹೊತ್ತಿಗೆ ಯಾರೂ ತಡೆಯಲಿಲ್ಲ. ತಡೆಯುವ ಅಗತ್ಯವಿರಲಿಲ್ಲ. ಊರಿಗೆ ಬೇರೆ ದಾರಿ ಗೊತ್ತಿತ್ತು.

ಮರುದಿನ ಗೌಡನ ಗದ್ದೆಗೆ ಬೇರೆ ಊರಿನ ಗುಂಪು ಟ್ರ್ಯಾಕ್ಟರಿನಲ್ಲಿ ಬಂತು. ಅದರ ಮರುದಿನ ಉಳಿದವರ ಗದ್ದೆಗಳಿಗೂ ಬಂತು. ಅಮರಮ್ಮನ ಗುಂಪನ್ನು ಯಾರೂ ಕರೆಯಲಿಲ್ಲ. ಕೇರಿಯವರು ಜೋಳ ಬೀಸಿಸಲು ಹೋದರೆ ಗಿರಣಿಯವನು ಯಂತ್ರದ ಪಟ್ಟಿ ಹರಿದಿದೆ ಅಂದ. ಪಟ್ಟಿ ಓಡುತ್ತಲೇ ಇತ್ತು. ನಾಟಿಯ ಕಾಲ ಹೆಚ್ಚೆಂದರೆ ಮೂರು ವಾರ. ಆ ಮೂರು ವಾರ ಹೋದರೆ ಹನ್ನೆರಡು ಒಲೆಗಳಿಗೆ ಬೇಸಿಗೆ ತನಕ ಏನೂ ಇಲ್ಲ.

ಲಿಂಗಸುಗೂರಿನ ಸರಕಾರಿ ಕಚೇರಿಗೆ ಹೋಗಿ ದುರುಗೇಶ ದೂರಿನ ಅರ್ಜಿ ಕೊಟ್ಟ. ಒಬ್ಬ ಅಧಿಕಾರಿ ಬಂದ. ಗೌಡನ ಮನೆಯಲ್ಲಿ ಚಹಾ ಕುಡಿದು ಕೇರಿಗೆ ಬಂದ. ಒಳ್ಳೆಯ ಮಾತಿನ ಮನುಷ್ಯ. "ಗಾಡಿ ಇಳೀರಿ ಅಂತ ಯಾರು ಹೇಳಿದ್ರು? ಒಂದು ಹೆಸರು ಹೇಳವ್ವಾ, ಬರ್ಕೊಂತೀನಿ." ಅಮರಮ್ಮ ಯೋಚಿಸಿದಳು. ಅವಳಿಗೆ ಹೇಳಿದ್ದು ಅವಳ ತಾಯಿ. ಮಗನಿಗೆ ಹೇಳಿದ್ದು ಅವಳೇ. ಅಧಿಕಾರಿ ಕಾಯ್ದ. ಕೊನೆಗೆ, ಅಂಥ ಪದ್ಧತಿ ಊರಲ್ಲಿ ಇಲ್ಲವೆಂದು ಬರೆದುಕೊಂಡು ಹೋದ.

ಗುಂಪಿನ ಹೆಂಗಸರು ಅವಳ ಅಂಗಳಕ್ಕೆ ಬಂದರು. ಯಮನೂರಮ್ಮ ಎಲ್ಲರಿಗಿಂತ ಮುಂದೆ. ಇಪ್ಪತ್ತು ವರ್ಷದಿಂದ ನಾಟಿಯ ಸಾಲಿನಲ್ಲಿ ಅಮರಮ್ಮನ ಪಕ್ಕದಲ್ಲೇ ಬಾಗಿದವಳು.

"ನೀ ಗಾಡಿ ಮ್ಯಾಲ ಹೋದಿ. ನಾವು ಮಣ್ಣಾಗ ಹೋದ್ವಿ," ಯಮನೂರಮ್ಮ ಅಂದಳು.

"ಬರೋಬರಿ ಅಂದಿ."

"ಒಂದು ಬಕೀಟು ನೀರು ಹಾಕಿದ್ರ ಹೋಗ್ತಿತ್ತು. ನಾನ ಹಾಕಿ ಬರ್ತಿದ್ನೆಲ್ಲ ಬೇ."

"ಅದಕ್ಕ ಹೆದರಿಕಿ ಆತು ನನಗ. ನೀನೂ ಹಾಕ್ತಿದ್ದಿ, ದುರುಗ್ಯಾನೂ ಹಾಕ್ತಿದ್ದ, ನಾನೂ ಹಾಕ್ತಿದ್ದೆ. ಬ್ಯಾಡ ಅನ್ನೋರು ಒಬ್ರೂ ಇರಲಿಲ್ಲಲ್ಲ."

"ನಿನಗೇನು, ಮಗ ದುಡೀತಾನ. ನಗು ಉಂಡು ಮಕ್ಕೋ." ಯಮನೂರಮ್ಮ ಸೆರಗು ಝಾಡಿಸಿ ಎದ್ದು ಹೋದಳು. ಅವಳು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ.

ಏಳನೇ ದಿನ ಸಂಜೆ ಗೌಸ್‌ಸಾಬ್ ನಡೆದುಕೊಂಡು ಕೇರಿಗೆ ಬಂದ. ಟಂಟಂ ಊರೊಳಗೆ ತರಬೇಡವೆಂದು ಅವನಿಗೂ ಹೇಳಿದ್ದರು. "ಅಮರಕ್ಕಾ, ಕಾಲುವಿ ಆಚಿ ಕ್ಯಾಂಪಿನಾಗ ನಾಟಿ ಐತಿ. ಆಂಧ್ರದಿಂದ ಬಂದು ಗದ್ದಿ ಮಾಡೋ ಮಂದಿ. ಅವರಿಗೆ ಮಂದಿ ಸಾಲವಲ್ಲರು. ನಾನ ನಿಮ್ಮ ಹೆಸರು ಹೇಳೀನಿ. ನಾಳಿ ಮುಂಜಾನಿ ಅಗಸಿ ಹೊರಗ ನಿಂತಿರ್ತೀನಿ. ಎಲ್ಲಾರೂ ಬರ್ರಿ." ಅವನು ಬಂದದ್ದಕ್ಕೆ ಯಾರೂ ಏನೂ ಕೊಡಲಿಲ್ಲ. ಅವನೂ ಕೂರಲಿಲ್ಲ. ಬಂದ ದಾರಿಯಲ್ಲೇ ಹೋದ.

ಬೆಳಿಗ್ಗೆ ಹನ್ನೆರಡು ಹೆಂಗಸರೂ ಹೊರಟರು. ಅಮರಮ್ಮ ಕೆಸರಿಗೆ ಇಳಿಯುವಂತಿಲ್ಲ. ಬದುವಿನ ಮೇಲೆ ಕೂತು ಸಸಿಯ ಕಟ್ಟು ಕಟ್ಟುವುದೆಂದು ಮಾತಾಗಿತ್ತು. ಯಮನೂರಮ್ಮ ಅವಳೊಡನೆ ಮಾತಾಡಲಿಲ್ಲ. ಆದರೆ ಅವಳ ಬುತ್ತಿಯ ಗಂಟನ್ನು ಕಸಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

ಗೌಡನ ಮನೆಯ ಮೂಲೆ ಬಂತು. ಹೆಂಗಸರು ನಿಂತರು. ಒಬ್ಬೊಬ್ಬರಾಗಿ ಬಾಗಿ ಚಪ್ಪಲಿ ಕೈಗೆ ತೆಗೆದುಕೊಂಡರು.

ಅಮರಮ್ಮ ಬಾಗಲಿಲ್ಲ. ಬಾಗಬಾರದೆಂದು ರಾತ್ರಿಯೆಲ್ಲ ಅಂದುಕೊಂಡದ್ದೇನೂ ಇಲ್ಲ. ಸೊಂಟ ಬಾಗಲಿಲ್ಲ, ಅಷ್ಟೆ. ಚಪ್ಪಲಿ ಮೆಟ್ಟಿಕೊಂಡೇ ಮೂಲೆ ತಿರುಗಿದಳು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು, ನೆಲಕ್ಕೆ ಇಳಿದಿರಲಿಲ್ಲ.

ಕಟ್ಟೆಯ ಮೇಲೆ ನಾಲ್ವರು ಚಹಾ ಕುಡಿಯುತ್ತಿದ್ದರು. ಶಿವಪ್ರಸಾದನೂ ಇದ್ದ. ಮೊದಲು ಅವನ ಕಣ್ಣು ಅವಳ ಕಾಲಿಗೆ ಹೋಯಿತು. ಕಪ್ಪು ಕೆಳಗಿಟ್ಟ.

"ಏ ಅಮರವ್ವಾ. ಚಪ್ಪಲಿ."

"ಗೊತ್ತೈತ್ರಿ," ಅಂದಳು. ನಡೆದಳು.

ನಾಲ್ವರೂ ಎದ್ದು ನಿಂತರು. ಯಂಕೋಬ ಮುಖ ತಿರುಗಿಸಿ ಗೋಡೆ ನೋಡಿದ. ಅಮರಮ್ಮನ ಗಾಯ ಬಡಿದುಕೊಳ್ಳುತ್ತಿತ್ತು. ಕುಂಟುವ ಕಾಲಿನ ಚಪ್ಪಲಿ ನೆಲಕ್ಕೆ ಉಜ್ಜಿ ಸದ್ದು ಮಾಡಿತು. ಹಿಂದೆ ಬರಿಗಾಲುಗಳ ಮೆತ್ತನೆಯ ಸಪ್ಪಳ. ಅದು ಹಿಂದೆ ಬಿತ್ತು. ನಿಂತಿತು. ಹೆಂಗಸರು ನಿಂತುಬಿಟ್ಟರು ಅಂದುಕೊಂಡಳು. ತಿರುಗಿ ನೋಡಿದರೆ ತಾನೂ ನಿಲ್ಲುತ್ತೇನೆಂದು ತಿರುಗಲಿಲ್ಲ.

ಆಮೇಲೆ ಇನ್ನೊಂದು ಜೊತೆ ಚಪ್ಪಲಿಯ ಸದ್ದು ಕೇಳಿತು. ನೆಲಕ್ಕೆ ಎಸೆದದ್ದು, ಮೆಟ್ಟಿದ್ದು, ಓಡಿ ಬಂದದ್ದು. ಬೆನ್ನ ಹಿಂದೆ ಯಮನೂರಮ್ಮನ ಏದುಸಿರು.

"ಜಲ್ದಿ ನಡೀ ಬೇ, ಹುಚ್ಚಿ," ಅವಳು ಹಲ್ಲು ಕಚ್ಚಿ ಅಂದಳು. "ನೀ ನಿಂತೀ ಅಂದ್ರ ನನ್ನ ಕಾಲು ನಡುಗ್ತಾವ."

ಕಟ್ಟೆಯಿಂದ ಧೊಪ್ಪೆಂದು ಯಾರೋ ಕೆಳಗೆ ಜಿಗಿದರು. ಅಗಸಿ ಇನ್ನೂ ನೂರು ಹೆಜ್ಜೆ ದೂರವಿತ್ತು.